ಸಿಗದ ಮೆಚ್ಚುಗೆ ಯಾರ ಸಾಲ?

ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ ಹೂವರ್ ಎಂಬ ನಾಲ್ವರ ಬ್ಯಾಂಡ್ ಇತ್ತು. 1992ರಲ್ಲಿ ಹುಟ್ಟಿ 1994ರಲ್ಲಿ ಒಡೆದುಹೋಯಿತು. ಪಂಕ್‌ನ ವೇಗ, ಕಿರುಚಾಟಗಳ ನಡುವೆ ಮೌನಕ್ಕೂ ಜಾಗ ಬಿಡುವ ಪೋಸ್ಟ್-ಹಾರ್ಡ್‌ಕೋರ್ ಅವರದು. ಪೂರ್ಣ ಪ್ರಮಾಣದ ಆಲ್ಬಮ್ ಒಂದೇ. ಅದೇ ಊರಿನ, ಅದೇ ಡಿಸ್ಕಾರ್ಡ್ ಲೇಬಲ್ಲಿನ ಫುಗಾಜಿಯನ್ನು ಜಗತ್ತು ಬಲ್ಲದು (ಜಗತ್ತು ಎಂದರೆ ಇಂಥದ್ದನ್ನು ಕೇಳುವ ಪುಟ್ಟ ಜಗತ್ತು). ಹೂವರ್ ಮಾತು ಬಂದರೆ ಮಾತ್ರ ನಮ್ಮಂಥ ಅಭಿಮಾನಿಗಳದ್ದು ಒಂದೇ ದೂರು: ಇವರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ.

ಯಾರು ಸಲ್ಲಿಸಬೇಕಿತ್ತು? ಅನ್ಯಾಯ ಎನ್ನಬೇಕಾದರೆ ಒಂದು ಸಾಲವಿರಬೇಕು, ಸಾಲಗಾರನೂ ಇರಬೇಕು. 1980ರಲ್ಲಿ ಶುರುವಾದ ಡಿಸ್ಕಾರ್ಡ್ ತನ್ನ ಊರಿನ ಸಂಗೀತವನ್ನು ದಾಖಲಿಸಲು ಹೊರಟ ಲೇಬಲ್. ದೊಡ್ಡ ಮಾರುಕಟ್ಟೆಗೆ ಬೆನ್ನು ಹಾಕಿದವರ ಹಾಡನ್ನು ಅದೇ ಮಾರುಕಟ್ಟೆಯ ತಕ್ಕಡಿಯಲ್ಲಿ ತೂಗಿ, ಕಡಿಮೆ ಬಂತೆಂದು ನಾವು ಮರುಗುತ್ತೇವೆ.

ನಾನು ಹುಟ್ಟುವ ಮೊದಲೇ ಒಡೆದ ಬ್ಯಾಂಡ್ ಇದು. ಪಿಎಚ್.ಡಿ. ಅಧ್ಯಾಯ ತಿದ್ದುವ ರಾತ್ರಿಗಳಲ್ಲಿ ಕೇಳುತ್ತಿದ್ದೆ. ಕೇಳು ಕೇಳು ಎಂದು ಹಾಸ್ಟೆಲ್ ಗೆಳತಿಯ ಬೆನ್ನು ಬಿದ್ದವಳೂ ನಾನೇ. ವಾರದ ಮೇಲೆ ಮೆಸ್ಸಿನಲ್ಲಿ ಅವಳು ಇನ್ಯಾರಿಗೋ ಹೂವರ್ ಬಗ್ಗೆ ಹೇಳುತ್ತಿದ್ದಳು. ನನಗಾದದ್ದು ಖುಷಿಯಲ್ಲ, ಕಸಿವಿಸಿ. ಹಾಗಾದರೆ ಇಷ್ಟು ದಿನ ನಾನು ದೂರುತ್ತಿದ್ದದ್ದು ಅವರ ಪರವಾಗಿಯೋ, ನನ್ನ ಪರವಾಗಿಯೋ?

ಯಾವ ಹಾಡು ಹಿಡಿಸಿತು ಎಂದು ಕೇಳಿದೆ. ನಾನು ಪ್ರತಿಸಲ ದಾಟಿಸಿಬಿಡುತ್ತಿದ್ದ ಹಾಡಿನ ಹೆಸರು ಹೇಳಿದಳು.