ಗೂಡು ಕೊಟ್ಟವನ ಹೊಣೆ

ಆಸರೆ ಕೊಟ್ಟರೆ ಪುಣ್ಯ ಬರತೈತಿ ಅಂತ ಹಿರಿಯರು ಹೇಳತಾರ. ಆದರೆ ಕೊಟ್ಟ ಮ್ಯಾಲೆ ಏನು? ಆ ಹೊಣೆ ಎಷ್ಟು ದಿನದ್ದು? ಬ್ಯಾಸರ ಬಂದ ದಿನ ಕೈ ತೊಳಕೊಂಡು ಎದ್ದು ಹೋಗಬಹುದೇನು? ಇದನ್ನು ವಿಚಾರ ಮಾಡಾಕ ನಾನು ದೂರದೇಶದ ಒಂದು ಹಕ್ಕಿಯ ಮಾತು ಎತ್ತಿಕೊಂಡೀನಿ. ನಾನು ಏಳನೇ ಇಯತ್ತೆ ಕಲಿತು ಒಕ್ಕಲುತನ ಮಾಡಿಕೊಂಡಿರುವವ, ಅಮೆರಿಕ ಕಂಡವನಲ್ಲ. ವಾಚನಾಲಯದಾಗ ಮಾಸ್ತರರು ಓದಿ ಹೇಳಿದ್ದನ್ನ ತಿರುಗಿ ತಿರುಗಿ ಕೇಳಿ ತಿಳಕೊಂಡದ್ದು ಇದು.

ಆ ಹಕ್ಕಿಯ ಹೆಸರು ಪರ್ಪಲ್ ಮಾರ್ಟಿನ್. ಕವಲುತೋಕೆಯ ಕುಲದ್ದು. ಗಂಡಿನ ಮೈ ನೇರಳೆ ಹಣ್ಣಿನಂಗ ಕಪ್ಪಗೆ ಮಿಂಚತೈತಿ. ಚಳಿಗಾಲವನ್ನು ಬ್ರೆಜಿಲ್ ಕಡೆ ಕಳೆದು, ಚಳಿ ಇಳಿದ ಮೇಲೆ ಸಾವಿರಾರು ಮೈಲಿ ಹಾರಿ ಉತ್ತರ ಅಮೆರಿಕಕ್ಕೆ ಮರಿ ಮಾಡಲು ಬರತೈತಿ. ಹಿಂದಿನ ವರ್ಷ ಮರಿ ಮಾಡಿದ ಜಾಗವನ್ನೇ ಹುಡುಕಿಕೊಂಡು ಬರುವುದು ಹೆಚ್ಚು. ಮೊದಲು ಇವು ಮರಕುಟಿಗ ಕೊರೆದು ಬಿಟ್ಟ ಪೊಟರೆಗಳಲ್ಲಿ ಇರುತ್ತಿದ್ದವು. ಆ ನಾಡಿನ ಮೂಲನಿವಾಸಿಗಳಾದ ಚಾಕ್ಟಾ, ಚಿಕಸಾ ಜನ ಒಣಗಿದ ಸೋರೆ ಬುರುಡಿಗೆ ತೂತು ಕೊರೆದು, ಗುಡಿಸಲ ಹತ್ತಿರ ಎತ್ತರಕ್ಕೆ ತೂಗಿಬಿಟ್ಟು ಇವನ್ನು ಕರೆದರು. ಅಲೆಕ್ಸಾಂಡರ್ ವಿಲ್ಸನ್ ಎಂಬಾತ 1808ರಿಂದ ಹೊರತಂದ ತನ್ನ ಹಕ್ಕಿಗಳ ಗ್ರಂಥದಲ್ಲಿ ಇದನ್ನು ಬರೆದಿಟ್ಟಿದ್ದಾನೆ.

ತಂಬೂರಿ ಹಿಡಿದು ಪದ ಹಾಡುವ ನನಗೆ ಈ ಮಾತು ಬಹಳ ಹಿಡಿಸಿತು. ನಮ್ಮ ತಂಬೂರಿಗೂ ಬುರುಡಿಯೇ ಬೇಕು. ತಿರುಳು ತೆಗೆದು ಪೊಳ್ಳು ಮಾಡಿದರೆ ನಮಗೆ ಅದರಾಗ ನಾದ ಹುಟ್ಟತೈತಿ, ಅಲ್ಲಿ ಮರಿ ಹುಟ್ಟತಾವ.

ಮುಂದೆ ಯುರೋಪಿನಿಂದ ಬಂದು ನೆಲೆಸಿದವರೂ ಇದನ್ನೇ ಕಲಿತರು. ಮರದ ಪೆಟ್ಟಿಗೆ ಮಾಡಿದರು, ಈಗ ಅಲ್ಯುಮಿನಿಯಂ, ಪ್ಲಾಸ್ಟಿಕ್ಕಿನವೂ ಬಂದಾವ. ತಲೆತಲಾಂತರ ಹಿಂಗ ನಡೆದು, ಇವತ್ತು ಅಮೆರಿಕದ ಪೂರ್ವ ಭಾಗದಲ್ಲಿ ಈ ಹಕ್ಕಿ ಹೆಚ್ಚುಕಡಿಮೆ ಪೂರಾ ಮನುಷ್ಯ ಕೊಟ್ಟ ಗೂಡಿನಲ್ಲೇ ಮರಿ ಮಾಡತೈತಿ. ಪಶ್ಚಿಮದ ಕಡೆ ಮಾತ್ರ ಇನ್ನೂ ಮರದ ಪೊಟರೆ, ಮರುಭೂಮಿಯ ದೊಡ್ಡ ಕಳ್ಳಿಯ ಪೊಟರೆ ಹುಡುಕುವವು ಉಳಿದಾವ.

ಇಲ್ಲಿ ಒಬ್ಬ ಕೇಳಬಹುದು: “ಈ ರೂಢಿ ಹಚ್ಚಿದವ ನಾನಲ್ಲ, ನನಗ್ಯಾಕ ಹೊಣೆ?” ಅಜ್ಜ ತೋಡಿದ ಬಾವಿಯ ನೀರು ಕುಡಿಯುವವರು ಅದರ ಹೂಳನ್ನೂ ತೆಗೆಯಬೇಕಾಗತೈತಿ. ಅಂಗಳದಾಗ ಗೂಡು ತೂಗಿಬಿಟ್ಟು, ಹಕ್ಕಿಯ ಹಾಡು ಕೇಳಿ ಖುಷಿಪಟ್ಟವ ಆ ರೂಢಿಯ ಪಾಲುದಾರ ಆದ.

ಪಾಲುದಾರಿಕೆ ಸಸ್ತಾ ಅಲ್ಲ. ಹನ್ನೆರಡು ಹದಿನೈದು ಅಡಿ ಎತ್ತರದ ಗಳ ನೆಡಬೇಕು, ಅದೂ ಮರಗಳಿಂದ ದೂರ, ಬಯಲಿನಲ್ಲಿ. ಹಾವು ಏರದಂಗ ಗಳಕ್ಕೆ ತಗಡು ಸುತ್ತಬೇಕು. ಗೂಬೆ ಕೈಹಾಕದಂಗ ತಂತಿ ಕಟ್ಟಬೇಕು. ವಾರಕ್ಕೊಮ್ಮೆ ಗೂಡು ಇಳಿಸಿ ತತ್ತಿ, ಮರಿ ಎಣಿಸಬೇಕು. ಹೇನು ಬಿದ್ದರೆ ಹಳೆ ಹುಲ್ಲು ತೆಗೆದು ಒಣ ಹುಲ್ಲು ಹಾಸಬೇಕು. ಈ ಹಕ್ಕಿ ಹಾರುವ ಹುಳವನ್ನು ಹಾರುತ್ತಲೇ ಹಿಡಿದು ತಿನ್ನುವಂಥದ್ದು. ನಾಲ್ಕು ದಿನ ಥಂಡಿ ಮಳೆ ಹಿಡಿದರೆ ಹುಳ ಏಳೋದಿಲ್ಲ, ಹಕ್ಕಿ ಉಪವಾಸ ಸಾಯತೈತಿ. ಅಂಥ ದಿನ ಅಲ್ಲಿಯ ಜನ ಮಿಡತೆ, ಬೇಯಿಸಿದ ತತ್ತಿಯ ಚೂರು ಗಾಳಿಯಲ್ಲಿ ಎಸೆದು ಉಣಿಸತಾರ. ಮನೆ ಕಟ್ಟಿ ನೋಡು ಅಂತ ಗಾದೆ ಮಾಡಿದವರು ಹಕ್ಕಿಯ ಮನೆಯನ್ನೂ ಲೆಕ್ಕಕ್ಕೆ ಹಿಡಿದಿದ್ದರೋ ಏನೋ!

ಇಷ್ಟಕ್ಕೆ ಸಿಗುವ ಲಾಭ? ದಿನಕ್ಕೆ 2000 ಸೊಳ್ಳೆ ತಿನ್ನತೈತಿ ಅಂತ ಹೇಳಿ ಹಿಂದೆ ಗೂಡಿನ ಪೆಟ್ಟಿಗೆ ಮಾರುತ್ತಿದ್ದರು. ಪರೀಕ್ಷೆ ಮಾಡಿ ನೋಡಿದವರಿಗೆ ಅದರ ಹೊಟ್ಟೆಯಲ್ಲಿ ಸೊಳ್ಳೆ ಸಿಕ್ಕದ್ದು ಬಹಳ ಕಮ್ಮಿ. ಅದು ಹಗಲು ಮೇಲೆ ಹಾರತೈತಿ, ಸೊಳ್ಳೆ ಸಂಜೆಗೆ ಕೆಳಗೆ ಏಳತಾವ. ಈ ಮಾತು ಗೊತ್ತಾದ ಮ್ಯಾಲೂ ಗೂಡು ಇಳಿಸದೆ ಸೇವೆ ಮಾಡುವವರನ್ನು ನಾನು ದೊಡ್ಡವರು ಅಂತೀನಿ.

ಇನ್ನು ಕಠಿಣ ಮಾತು. 1850ರ ಆಸುಪಾಸು ಇಂಗ್ಲೆಂಡಿನಿಂದ ಗುಬ್ಬಿಗಳನ್ನು ಹಡಗಿನಲ್ಲಿ ತಂದು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಬಿಟ್ಟರು. 1890ರಲ್ಲಿ ನಮ್ಮ ಗೊರವಂಕದ ಬಳಗದ ಸ್ಟಾರ್ಲಿಂಗ್ ಹಕ್ಕಿಯನ್ನೂ ಬಿಟ್ಟರು. ಇವೆರಡೂ ಮಾರ್ಟಿನ್ ಗೂಡಿಗೆ ನುಗ್ಗಿ ತತ್ತಿ ಒಡೆಯತಾವ, ಮರಿ ಕೊಲ್ಲತಾವ. ಅದಕ್ಕೆ ಗೂಡು ಸಾಕುವವರಲ್ಲಿ ಹಲವರು ಗುಬ್ಬಿಗೆ ಬಲೆ ಇಟ್ಟು ಕೊಲ್ಲತಾರ. ಅಲ್ಲಿಯ ಕಾನೂನು ಬೇಡ ಅನ್ನೋದಿಲ್ಲ.

ನಮಗೆ ಇದು ಕೇಳಾಕ ಕಸಿವಿಸಿ. ಆದರೆ ನಾವೇನು ಬ್ಯಾರೆ? ಹೊಲದಾಗ ಜೋಳಕ್ಕೆ ಬಂದ ಗುಬ್ಬಿಗೆ ಕವಣೆ ಬೀಸತೀವಿ, ಅದೇ ಜೋಳದ ತೆನಿ ತಂದು ಪಡಸಾಲ್ಯಾಗ ಅದೇ ಗುಬ್ಬಿಗೆ ಕಟ್ಟತೀವಿ. ಗುಬ್ಬಿಯ ತಪ್ಪು ಏನೂ ಇಲ್ಲ, ಸಮುದ್ರ ದಾಟಿಸಿದವರು ಮನುಷ್ಯರು. ಹಾಗಂತ ನಾನು ಯಾರನ್ನೂ ಮುಟ್ಟೋದಿಲ್ಲ ಅಂತ ಸುಮ್ಮನೆ ಕೂತರೆ, ನನ್ನ ಮಾತು ನಂಬಿ ಬಂದ ಹಕ್ಕಿಯ ಮರಿ ನನ್ನ ಗೂಡಿನಲ್ಲೇ ಸಾಯತೈತಿ. ಆಗ ನನ್ನ ಕೈ ಚೊಕ್ಕ ಅನ್ನೋದು ಸುಳ್ಳು.

ನನ್ನ ವಿಚಾರ ಇಷ್ಟು. ಮಾರ್ಟಿನ್ ಬರುವತನಕ ಗೂಡಿನ ಬಾಯಿ ಮುಚ್ಚಿಡಬೇಕು. ಸ್ಟಾರ್ಲಿಂಗ್ ತೂರದಂಥ ಅರ್ಧಚಂದ್ರದ ಬಾಗಿಲು ಇರತಾವ, ಅವನ್ನು ಹಚ್ಚಬೇಕು. ಗುಬ್ಬಿ ತಂದಿಟ್ಟ ಹುಲ್ಲನ್ನು ತತ್ತಿ ಇಡುವ ಮೊದಲೇ ದಿನಾಲೂ ತೆಗೆಯಬೇಕು. ದಿನಾ ಈ ಚಾಕರಿ ಮಾಡಿದವನಿಗೆ ಕೊಲ್ಲುವ ಪ್ರಸಂಗ ಕಮ್ಮಿ ಬರತೈತಿ. ಅದಕ್ಕೂ ಮೀರಿ ಬಂದರೆ, ಅದು ಕೊಲೆ ಅಂತ ತಿಳಿದೇ ಮಾಡಬೇಕು. ಕಸ ಗುಡಿಸಿದೆ ಅಂತ ಹೇಳಬಾರದು, ಆ ಹಕ್ಕಿಯ ಮ್ಯಾಲೆ ದ್ವೇಷ ಇಡಬಾರದು. ಈ ಚಾಕರಿ ಆಗೋದಿಲ್ಲ ಅನ್ನುವವ ಗೂಡು ತೂಗಿಬಿಡದಿರುವುದೇ ಲೇಸು. ವಯಸ್ಸಾಗಿ ಕೈಲಾಗದವ ಇನ್ನೊಬ್ಬರಿಗೆ ಒಪ್ಪಿಸಿ ಹೋಗಬೇಕು. ಯಾಕಂದರೆ ಬ್ರೆಜಿಲ್‌ನಿಂದ ಹೊರಟ ಹಕ್ಕಿಗೆ ಈ ಸಲ ಗಳ ಕಿತ್ತಾರ ಅಂತ ಹೇಳಿ ಕಳಿಸುವವರು ಯಾರೂ ಇಲ್ಲ.

ನಮ್ಮ ಕಡೆಯೂ ಈಗ ಮಾರ್ಚ್ 20ರ ಗುಬ್ಬಿ ದಿನಕ್ಕ ಸಾಲಿ ಮಕ್ಕಳು ರಟ್ಟಿನ ಪೆಟ್ಟಿಗೆ ಕಟ್ಟತಾರ. ಚಲೋ ಕೆಲಸ. ಮಾಸ್ತರರಿಗೆ ನನ್ನದೊಂದು ವಿನಂತಿ: ಕಟ್ಟುವ ದಿನವೇ ಪಾಳಿಯನ್ನೂ ಬರೆಸಿರಿ. ಸೂಟಿ ಬಿದ್ದು ಸಾಲಿಗೆ ಕೀಲಿ ಹಾಕಿದ ಮ್ಯಾಲೆ, ಮೇ ತಿಂಗಳ ಬಿಸಿಲಿನಾಗ ಅಲ್ಲಿ ನೀರು ಇಡುವವರು ಯಾರು, ಗಾಳಿಗೆ ಜೋತುಬಿದ್ದ ಪೆಟ್ಟಿಗೆಯನ್ನು ಮತ್ತೆ ಬಿಗಿಯುವವರು ಯಾರು ಅಂತ ಹೆಸರು ಹಚ್ಚಿ ಬರೆದಿಡ್ರಿ.