ಊಟ ಬಲ್ಲವನಿಗೆ ಯಾವ ರೋಗವಿಲ್ಲ?

ಕಳೆದ ತಿಂಗಳು ಬೆಂಗಳೂರಿನಿಂದ ಮರಳಿದ ಮಾರನೇ ದಿನ ದಂಡಿಗನಹಳ್ಳಿಯ ಟೀ ಅಂಗಡಿಯಲ್ಲಿ ಕೂತಿದ್ದೆ. ‘ಮೇಷ್ಟ್ರೇ, ಬೀಗರ ಜೊತೆ ಚರ್ಚಿಗೂ ಹೋಗಿದ್ರಂತೆ?’ ಅಂದ ಒಬ್ಬ. ಹೌದು ಅಂದೆ. ಯಾರೂ ಬೆಚ್ಚಲಿಲ್ಲ. ಹಾಸನದ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು, ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿ ಚರ್ಚಿನ ಮುಂದೆ ಫೋಟೊ ಹಿಡಿಸಿಕೊಂಡವರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಆಮೇಲೆ ಬಂತು ನೋಡಿ ಎರಡನೇ ಪ್ರಶ್ನೆ: ‘ಅಲ್ಲೇ ಉಂಡ್ರಾ?’ ಉಂಡೆ ಅಂದೆ. ಲೋಟಗಳು ತುಟಿಯ ಹತ್ತಿರ ನಿಂತವು.

ಅಂದಿನಿಂದ ಒಂದು ಗಾದೆ ನನ್ನ ತಲೆಯೊಳಗೆ ಸುತ್ತುತ್ತಿದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.

ಮೂವತ್ತು ವರ್ಷ ಮಕ್ಕಳಿಗೆ ಇದರ ವಿಸ್ತಾರ ಬರೆಸಿದ್ದೇನೆ. ಹಿತಮಿತವಾಗಿ ಉಣ್ಣು, ಹಿತಮಿತವಾಗಿ ಆಡು, ಐದು ಅಂಕ. ಈಗ ಅನ್ನಿಸುತ್ತದೆ, ಅಷ್ಟೂ ವರ್ಷ ತಪ್ಪು ಬರೆಸಿದೆ. ‘ಬಲ್ಲ’ ಎಂಬ ಮಾತನ್ನು ನೋಡಿ. ಈಜು ಬಲ್ಲವನು ಎಂದರೆ ಕಡಿಮೆ ಈಜುವವನೇ? ದಾರಿ ಬಲ್ಲವನು ಎಂದರೆ ಕಡಿಮೆ ನಡೆಯುವವನೇ? ಈಜು ಬಲ್ಲವನು ಯಾವ ಕೆರೆಗೆ ಬಿದ್ದರೂ ದಡ ಸೇರುತ್ತಾನೆ. ಹಾಗೇ ಊಟ ಬಲ್ಲವನು ಯಾವ ಪಂಕ್ತಿಯಲ್ಲಿ ಕೂರಿಸಿದರೂ ಉಂಡು ಏಳುತ್ತಾನೆ. ಅಳತೆಯ ಮಾತು ಗಾದೆಯಲ್ಲಿಲ್ಲ, ಅದನ್ನು ತಂದು ಸೇರಿಸಿದವರು ನಮ್ಮಂಥ ಮೇಷ್ಟ್ರುಗಳು ಮತ್ತು ಸಕ್ಕರೆ ಕಾಯಿಲೆಯ ಡಾಕ್ಟರುಗಳು. ಉಪವಾಸದ ಪಕ್ಷದವರಿಗೂ ಒಂದು ಮಾತು. ನಮ್ಮದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಂದ್ರಗಿರಿಯ ಬಂಡೆಗಳ ಮೇಲೆ, ಊಟ ಬಿಟ್ಟು ದೇಹ ಬಿಟ್ಟವರ ಹೆಸರುಗಳಿವೆ; ಕೆಲವು ಏಳನೇ ಶತಮಾನದವು. ಅವರಿಗೆ ಕೈಮುಗಿಯುತ್ತೇನೆ. ಆದರೆ ಅವರು ಬಲ್ಲದ್ದು ಊಟ ಬಿಡುವುದನ್ನು. ಗಾದೆ ಹುಟ್ಟಿದ್ದು ಉಣ್ಣುವವರ ಮನೆಯಲ್ಲಿ.

ಮಗ ಮದುವೆಯಾದದ್ದು ಕೊರಿಯಾದ ಹುಡುಗಿಯನ್ನು. 1954ರ ವಿಶೇಷ ವಿವಾಹ ಕಾಯ್ದೆ, ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿಗಳ ಸಹಿ, ಮುಗಿಯಿತು. ಅವಳ ಅಪ್ಪ ಕಂಪನಿ ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದಾರೆ. ಒಂದು ಭಾನುವಾರ ಅವರ ಪ್ರಾರ್ಥನೆಗೆ ನಮ್ಮನ್ನೂ ಕರೆದರು. ಗೋಪುರ, ಗಂಟೆ ಏನೂ ಇಲ್ಲ. ಒಂದು ಕಟ್ಟಡದ ಎರಡನೇ ಮಹಡಿ, ಬಾಗಿಲಲ್ಲಿ ಚಪ್ಪಲಿ ಸಾಲು, ಒಳಗೆ ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡು. ಮೂವತ್ತು ಜನ ಇದ್ದಿರಬಹುದು. ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಪಾದ್ರಿಗೆ ‘ಮೊಕ್ಸಾನಿಮ್’, ಹಿರಿಯರಿಗೆ ‘ಜಾಂಗ್ನೊನಿಮ್’. ನಮ್ಮೂರಲ್ಲಿ ಗೌಡ್ರೇ, ಶಾನುಭೋಗ್ರೇ ಅಂದ ಹಾಗೆ. ಬೀಗರಿಗೂ ಅವರಲ್ಲಿ ಒಂದು ಪದವಿದೆ, ‘ಸಾದೊನ್’. ಅವರು ಸಾದೊನ್ ಅಂದರು, ನಾನು ಬೀಗ್ರೇ ಅಂದೆ. ಇಬ್ಬರೂ ಬಾಗಿದೆವು.

ಒಂದೂಕಾಲು ಗಂಟೆಯ ಪ್ರಾರ್ಥನೆಯಲ್ಲಿ ನನಗೆ ತಿಳಿದದ್ದು ‘ಆಮೆನ್’ ಒಂದೇ. ‘ಅಪ್ಪ’ ಎಂದು ಮಗುವೊಂದು ಅಪ್ಪನನ್ನು ಕರೆದಾಗ ನನ್ನ ಹೆಂಡತಿ ಬೆರಗಾಗಿ ತಿರುಗಿ ನೋಡಿದಳು. ಕೊರಿಯನ್ನರೂ ಅಪ್ಪನಿಗೆ ಅಪ್ಪ ಎನ್ನುತ್ತಾರೆ. ಹೋಮರ್ ಹಲ್ಬರ್ಟ್ ಎಂಬಾತ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ವ್ಯಾಕರಣ ಬರೆದ. ಇದನ್ನು ಹಿಡಿದು ಅವರೂ ನಾವೂ ಒಂದೇ ರಕ್ತ ಎಂದು ಮೊಬೈಲಿನಲ್ಲಿ ಹಂಚುವವರಿದ್ದಾರೆ. ಬೇಡ ಬಿಡಿ. ನೆಂಟಸ್ತಿಕೆಗೆ ಒಂದೇ ರಕ್ತವೇ ಬೇಕಿದ್ದರೆ ಬೀಗರು ಎಂಬ ಪದವೇ ಹುಟ್ಟುತ್ತಿರಲಿಲ್ಲ.

ಪ್ರಾರ್ಥನೆ ಮುಗಿಯಿತು. ಎದ್ದು ಹೋಗುವುದೇನೋ ಅಂದುಕೊಂಡರೆ ಕುರ್ಚಿಗಳನ್ನು ಗೋಡೆಗೆ ಒತ್ತಿ ಅದೇ ಜಾಗದಲ್ಲಿ ಮೇಜು ಹಾಕಿದರು. ಅನ್ನ, ಸಮುದ್ರದ ಪಾಚಿಯ ಸಾರು, ಕಿಮ್ಚಿ, ಎಳ್ಳೆಣ್ಣೆ ಹಾಕಿದ ಸೊಪ್ಪು. ಪಾದ್ರಿ ನನ್ನ ಪಕ್ಕದಲ್ಲೇ ಕೂತರು. ಅವರ ಪಕ್ಕ ಕಾರಿನ ಡ್ರೈವರ್, ಮಂಡ್ಯದ ಹುಡುಗ. ಸ್ಟೀಲಿನ ಕಡ್ಡಿಗಳಿಂದ ಕಿಮ್ಚಿ ಹಿಡಿಯಲು ಹೋದೆ. ಮೂರು ಸಲ ಜಾರಿತು. ಎದುರಿಗಿದ್ದ ಅಜ್ಜಿ, ನನ್ನ ಬೀಗಿತ್ತಿಯ ತಾಯಿ, ನೋಡಿದರು. ತಾವು ಉಣ್ಣುತ್ತಿದ್ದ ಅದೇ ಕಡ್ಡಿಗಳಿಂದ ಒಂದು ತುಂಡು ಎತ್ತಿ ನನ್ನ ಅನ್ನದ ಮೇಲಿಟ್ಟರು.

ಎಂಜಲು! ಅರವತ್ತು ವರ್ಷದ ಸಂಸ್ಕಾರ ಗಂಟಲಲ್ಲಿ ಬಂದು ಕೂತಿತು. ಸೊಸೆ ನನ್ನ ಮುಖ ನೋಡುತ್ತಿದ್ದಳು. ಅಜ್ಜಿ ಕಾಯುತ್ತಿದ್ದರು. ಆ ಒಂದು ಗಳಿಗೆಯಲ್ಲಿ ನನಗೆ ನೆನಪಾದದ್ದು ನಮ್ಮೂರ ಒಂದು ಮದುವೆ. ನನಗಾಗ ಹತ್ತೋ ಹನ್ನೊಂದೋ ವರ್ಷ. ಚಪ್ಪರದಡಿ ನಮ್ಮ ಪಂಕ್ತಿ. ಹಿತ್ತಿಲಲ್ಲಿ, ತಿಪ್ಪೆಯ ಪಕ್ಕ, ಚಪ್ಪರಕ್ಕೆ ಸೌದೆ ಸೊಪ್ಪು ಹೊತ್ತು ತಂದ ಕೇರಿಯವರ ಪಂಕ್ತಿ. ಪಾಯಸದ ಬಕೆಟ್ಟನ್ನು ನನ್ನ ಕೈಗೆ ಕೊಟ್ಟಿದ್ದರು. ‘ಮೇಲಿಂದ ಹುಯ್ಯೋ’ ಅಂದರು. ಮೇಲಿಂದಲೇ ಹುಯ್ದೆ. ಒಬ್ಬ ಮುದುಕನ ಮಣಿಕಟ್ಟಿನ ಮೇಲೆ ಬಿಸಿ ಪಾಯಸ ಬಿತ್ತು. ಆತ ಏನೂ ಅನ್ನಲಿಲ್ಲ, ಒರೆಸಿಕೊಂಡ. ಗಾದೆ ಹೇಳುವ ರೋಗ ಅದು. ಅಜೀರ್ಣವಲ್ಲ, ಭೇದಿಯಲ್ಲ, ಪಂಕ್ತಿಭೇದ. ಊಟ ಬಲ್ಲವನಿಗೆ ಆ ರೋಗವಿಲ್ಲ. ನನಗಿತ್ತು.

ಕಿಮ್ಚಿ ತಿಂದೆ. ಹುಳಿ, ಖಾರ, ಬೆಳ್ಳುಳ್ಳಿ. ಚೆನ್ನಾಗಿಯೇ ಇತ್ತು.

ಗಾದೆಯ ಎರಡನೇ ಅರ್ಧಕ್ಕೂ ಆ ಹಾಲಿನಲ್ಲೇ ಅರ್ಥ ಸಿಕ್ಕಿತು. ಪ್ರಾರ್ಥನೆಯ ನಡುವೆ ಪಾದ್ರಿ ‘ಜುಯೊ’ ಎಂದು ದೇವರನ್ನು ಮೂರು ಸಲ ಕೂಗಿದರು. ತಕ್ಷಣ ಮೂವತ್ತೂ ಜನ ಒಟ್ಟಿಗೇ, ಗಟ್ಟಿಯಾಗಿ, ತಂತಮ್ಮ ಅಳಲನ್ನು ಹೇಳಿಕೊಳ್ಳತೊಡಗಿದರು. ಚನ್ನರಾಯಪಟ್ಟಣದ ಸಂತೆಯೇ ಒಳಗೆ ಬಂದಂತಾಯಿತು. 1907ರಲ್ಲಿ ಪ್ಯೊಂಗ್ಯಾಂಗಿನ ದೊಡ್ಡ ಸಭೆಗಳಿಂದ ಹೆಸರಾದ ಪದ್ಧತಿಯಂತೆ ಇದು. ಎಲ್ಲರೂ ಮಾತಾಡಿದರು, ಯಾರೂ ಪಕ್ಕದವರಿಗೆ ಉತ್ತರ ಕೊಡಲಿಲ್ಲ, ಜಗಳವೂ ಆಗಲಿಲ್ಲ. ನಮ್ಮ ಟಿವಿ ಚರ್ಚೆಗಳಲ್ಲೂ ಎಲ್ಲರೂ ಒಟ್ಟಿಗೇ ಕೂಗುತ್ತಾರೆ, ಅಲ್ಲಿ ಮಾತು ಪಕ್ಕದವನನ್ನು ಹೊಡೆಯಲು ಹೊರಟಿರುತ್ತದೆ. ಮಾತು ಬಲ್ಲವನಿಗೆ ಅದನ್ನು ಎತ್ತ ಕಳಿಸಬೇಕೆಂದು ಗೊತ್ತು. ಭಾಷೆಯೇ ಬಾರದ ನಾನು ಸುಮ್ಮನೆ ಕೂತಿದ್ದೆ. ಅದೂ ಮಾತು ಬಲ್ಲವನ ಲಕ್ಷಣವೇ ಎಂದು ಹೆಂಡತಿಯ ಅಭಿಪ್ರಾಯ.

‘ಹಾಗಾದ್ರೆ ಮತಾಂತರ ಆಗ್ತೀರಾ?’ ಎಂದು ಕೇಳಿದವರೂ ಇದ್ದಾರೆ. ಉಂಡ ಮನೆಗೆಲ್ಲ ಮತಾಂತರ ಆಗುವುದಾದರೆ ಬೀಗರೂಟಕ್ಕೆ ಹೋಗುವ ಹಾಸನ ಜಿಲ್ಲೆಯ ಗಂಡಸರು ವಾರಕ್ಕೊಂದು ಮತ ಬದಲಿಸಬೇಕಾಗುತ್ತದೆ. ನನ್ನ ದೇವರು ನನ್ನ ಜಗುಲಿಯಲ್ಲೇ ಇದ್ದಾನೆ. ಅವನಿಗೂ ಅಂದು ಹೊಟ್ಟೆ ತುಂಬಿರಬೇಕು.

ಕೊರಿಯನ್ನರು ಎದುರಾದರೆ ಕೇಳುವುದು ನಾವು ಕೇಳುವುದನ್ನೇ: ಊಟ ಆಯ್ತಾ? ಮನೆಮಂದಿಗೆ ಅವರು ‘ಶಿಕ್ಕು’ ಎನ್ನುತ್ತಾರೆ. ಸೊಸೆ ಬಿಡಿಸಿ ಹೇಳಿದಳು, ಅದರ ಅಕ್ಷರಶಃ ಅರ್ಥ ಉಣ್ಣುವ ಬಾಯಿಗಳು. ಒಟ್ಟಿಗೆ ಉಂಡವರೇ ಮನೆಯವರು. ನಮ್ಮ ಗಾದೆಗೆ ನಾನು ಓದಿದ ವ್ಯಾಖ್ಯಾನಗಳಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿಲ್ಲ.

ನಮ್ಮ ಕಡೆಯ ಬೀಗರೂಟ ಬಾಕಿ ಇದೆ. ಬರುವ ತಿಂಗಳು ಊರಲ್ಲೇ ಇಟ್ಟುಕೊಂಡಿದ್ದೇವೆ: ಮುದ್ದೆ, ಮಟನ್ ಸಾರು, ಬೇಡದವರಿಗೆ ಅವರೆಕಾಳು. ಅಜ್ಜಿಗೆ ಮುದ್ದೆ ನುಂಗುವುದನ್ನು ನಾನೇ ಹೇಳಿಕೊಡುತ್ತೇನೆ. ಕೇರಿಯವರನ್ನೂ ಮನೆಮನೆಗೆ ಹೋಗಿ ಕರೆದಿದ್ದೇನೆ. ಟೀ ಅಂಗಡಿಯ ಗೆಳೆಯರೂ ಬನ್ನಿ. ಪಂಕ್ತಿ ಒಂದೇ.