*ಗೆಲ್ಲುವ ಆಸೆ ತಪ್ಪೇ?*



1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಸಾಲಿನಲ್ಲಿ ಹೊಸ ಹೆಸರಿನ ನಮ್ಮ ತಂಡ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಅದಕ್ಕೂ ಮುಂಚೆ ಮೈಸೂರು ತಂಡ 1941–42ರಲ್ಲಿ ಮತ್ತು 1959–60ರಲ್ಲಿ ಫೈನಲ್‌ವರೆಗೆ ಹೋಗಿ ಬಾಂಬೆಗೆ ಸೋತಿತ್ತು. ಬಾಂಬೆಯವರಂತೂ ಸತತ 15 ವರ್ಷ ಟ್ರೋಫಿ ಬಿಟ್ಟುಕೊಟ್ಟಿರಲಿಲ್ಲ. ಅಂಥವರನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮೊದಲ ಇನಿಂಗ್ಸ್ ಮುನ್ನಡೆಯಿಂದ ಹಿಂದಿಕ್ಕಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಪ್ರಸನ್ನ ಅವರ ತಂಡ ಟ್ರೋಫಿ ತಂದಿತು.

ಆ ಸೆಮಿಫೈನಲ್ ಗೆಲ್ಲಿಸಿದ್ದು ಯಾರು? ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 162 ರನ್ ಹೊಡೆದರು. ಬ್ರಿಜೇಶ್ ಪಟೇಲ್ ಕೂಡ ಶತಕ ಬಾರಿಸಿದರು. ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಓಡುವಾಗ ಕಾಲು ಜಾರಿ ರನ್ ಔಟ್ ಆದರು. ಇದರಲ್ಲಿ ಒಂದು ತಪ್ಪಿದ್ದರೂ ಕಥೆ ಬೇರೆಯಾಗುತ್ತಿತ್ತೋ ಏನೋ. ಇದನ್ನೇ ಭಗವಾನರು ಪ್ರತೀತ್ಯ ಸಮುತ್ಪಾದ ಎಂದರು. ಹಲವು ಕಾರಣಗಳು ಕೂಡಿದಾಗ ಫಲ ಬರುತ್ತದೆ. ಅದಕ್ಕೆ ಒಬ್ಬನೇ ಒಡೆಯನಿಲ್ಲ.

ಇದನ್ನು ಬರೆಯಲು ಕಾರಣವಿದೆ. ಶಿವಮೊಗ್ಗದ ನಮ್ಮ ಬಳಗಕ್ಕೆ ಭದ್ರಾವತಿಯಿಂದ ಬರುವ ಒಬ್ಬ ತಾಯಿ ನನ್ನನ್ನು ಕೇಳಿದರು: "ಸರ್, ಮಗನಿಗೆ ತಂಡದಲ್ಲಿ ಜಾಗ ಸಿಗಲಿಲ್ಲ. ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಗೆಲ್ಲೋ ಆಸೆಯೇ ತಣ್ಹಾ ಅಲ್ವಾ? ಆಟ ಬಿಡಿಸಿಬಿಡಲಾ?"

ಬಿಡಿಸಬೇಡಿ ಅಮ್ಮಾ ಎಂದೆ. ಧಮ್ಮದಲ್ಲಿ ಛಂದ ಬೇರೆ, ತಣ್ಹಾ ಬೇರೆ. ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬ ಹುರುಪು ಒಳ್ಳೆಯ ಛಂದ. ಅದಿಲ್ಲದೆ ಧ್ಯಾನವೂ ಸಾಗದು. ಫಲ ನನಗೇ ಸಿಗಬೇಕು, ಸಿಗದಿದ್ದರೆ ನಾನು ಯಾರೂ ಅಲ್ಲ ಎಂಬ ಹಿಡಿತ ತಣ್ಹಾ. ವಿಶ್ವನಾಥ್ 1969ರಲ್ಲಿ ಕಾನ್ಪುರದ ಮೊದಲ ಟೆಸ್ಟ್‌ನಲ್ಲಿ ಸೊನ್ನೆಗೆ ಔಟಾದರು. ಅದೇ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ 137 ಹೊಡೆದರು. ಸೊನ್ನೆಯನ್ನೇ ತನ್ನ ಬೆಲೆ ಎಂದುಕೊಂಡವನಿಗೆ ಮತ್ತೆ ಬ್ಯಾಟು ಹಿಡಿಯುವುದು ಕಷ್ಟ.

ಹಿಡಿತ ಎಷ್ಟಿದೆ ಎಂದು ತಿಳಿಯುವುದು ಹೇಗೆ? 1980ರ ಬಾಂಬೆ ಟೆಸ್ಟ್ ನೋಡಿ. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು. ಬ್ಯಾಟಿಗೆ ಚೆಂಡು ತಾಗಿಲ್ಲ ಎನಿಸಿ ನಾಯಕ ವಿಶ್ವನಾಥ್ ಅವರನ್ನು ವಾಪಸ್ ಕರೆಸಿದರು. ಟೇಲರ್, ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಸುಮ್ಮನಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಗೆಲ್ಲಲೆಂದೇ ಆಡಿದರೂ, ಗೆಲುವಿಗಾಗಿ ಸತ್ಯ ಬಿಡಲಿಲ್ಲ. ಮನಸ್ಸಿನಲ್ಲಿ ಅಷ್ಟು ಜಾಗ ಉಳಿದಿದ್ದರೆ ಆಟವೂ ಸಾಧನೆಯೇ.

ಲಾಭ-ನಷ್ಟ, ಯಶಸ್ಸು-ಅಪಯಶಸ್ಸು, ನಿಂದೆ-ಸ್ತುತಿ, ಸುಖ-ದುಃಖ. ಈ ಎಂಟು ಲೋಕಧರ್ಮಗಳು ಮೈದಾನದಲ್ಲೂ ಬರುತ್ತವೆ, ಮಕ್ಕಳ ರಿಸಲ್ಟ್ ದಿನವೂ ಬರುತ್ತವೆ, ಪ್ರಮೋಷನ್ ಪಟ್ಟಿಯಲ್ಲೂ ಬರುತ್ತವೆ. ಆ ಹುಡುಗನಿಗೆ ಮೊದಲು ಬಿಸಿ ಊಟ ಬಡಿಸಿ, ಉಪದೇಶ ಆಮೇಲೆ ಎಂದು ತಾಯಿಗೆ ಹೇಳಿದೆ. ದುಃಖ ಸ್ವಲ್ಪ ಇಳಿದ ಮೇಲೆ, ಆಯ್ಕೆಯಾದ ಗೆಳೆಯನಿಗೆ ಒಂದು ಮಾತು ಶುಭ ಹೇಳಲಿ. ಕಷ್ಟವೇ. ಆದರೆ ಮುದಿತಾ ಕಲಿಯುವುದು ಅಲ್ಲಿಯೇ.

*ಇಂದಿನ ಅಭ್ಯಾಸ:* ನಮಗೆ ಸಿಗದದ್ದು ಯಾರಿಗೆ ಸಿಕ್ಕಿತೋ, ಅವರನ್ನು ನೆನೆದು ಐದು ನಿಮಿಷ ಕೂರೋಣ. "ಅವರ ಸಂತೋಷ ಹೆಚ್ಚಲಿ" ಎಂದುಕೊಳ್ಳೋಣ. ಸಾಧ್ಯವಾದರೆ ಸಂಜೆಯೊಳಗೆ ಒಂದು ಫೋನ್ ಮಾಡೋಣ.

ಸರ್ವರಿಗೂ ಮಂಗಳವಾಗಲಿ. ☸️